ಮೂರು ಮಕ್ಕಳು, ಮೂರು ಎತ್ತರ: ಮೊದಲ ಸಲ ವಂಡರ್‌ಲಾಗೆ ಹೊರಡುವ ಮುಂಚೆ

ಪ್ರಶ್ನೆ: ನಾವು ದಾವಣಗೆರೆಯವರು. ಮೂರು ಮಕ್ಕಳು. ದೊಡ್ಡವಳಿಗೆ 14, ಮಗನಿಗೆ 9, ಚಿಕ್ಕವಳಿಗೆ ಈಗಷ್ಟೇ 3 ತುಂಬಿದೆ. ದಸರಾ ರಜೆಯಲ್ಲಿ ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗಬೇಕು ಅಂದುಕೊಂಡಿದ್ದೇವೆ. ನಮ್ಮ ಅತ್ತೆಯೂ ಬರುತ್ತಾರೆ. ಅವರಿಗೆ 66, ಮಂಡಿ ನೋವಿದೆ. ಇಂಥ ಜಾಗಕ್ಕೆ ಹೋಗುತ್ತಿರುವುದು ಇದೇ ಮೊದಲು. ಎರಡು ದಿನವೂ ಪಾರ್ಕಿಗೇ ಇಡಬೇಕಾ, ಒಂದು ದಿನ ಸಾಕಾ? ಚಿಕ್ಕವಳನ್ನು ಬೆಂಗಳೂರಿನಲ್ಲಿ ನನ್ನ ತಂಗಿ ಮನೆಯಲ್ಲಿ ಬಿಟ್ಟು ಹೋಗುವುದು ವಾಸಿನಾ? ಎಲ್ಲರೂ ಒಟ್ಟಿಗೆ ಆಡುವ ಹಾಗೆ ಹೇಗೆ ಪ್ಲಾನ್ ಮಾಡೋದು?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಎಲ್ಲರೂ ಇಡೀ ದಿನ ಒಟ್ಟಿಗೆ ಆಡುವುದು ನಿಮ್ಮ ಮನೆಯ ಮಟ್ಟಿಗೆ ಆಗದ ಮಾತು. ಆ ಆಸೆಯನ್ನು ಊರಲ್ಲೇ ಬಿಟ್ಟು ಹೊರಡಿ. ಒಟ್ಟಿಗೇ ಇರಬೇಕು ಅಂತ ಹಟ ಹಿಡಿದವರ ದಿನ ಹೇಗಿರುತ್ತೆ ಗೊತ್ತಾ? ದೊಡ್ಡ ಆಟದ ಮುಂದೆ ಐದು ಜನ ಬಿಸಿಲಲ್ಲಿ ನಿಂತು ಒಬ್ಬಳು ಆಡುವುದನ್ನು ನೋಡುತ್ತಾರೆ. ಆಮೇಲೆ ಪುಟ್ಟ ಮಕ್ಕಳ ಆಟದ ಮುಂದೆ ಎಲ್ಲರೂ ನಿಲ್ಲುತ್ತಾರೆ, ದೊಡ್ಡವಳು ಮುಖ ಊದಿಸಿಕೊಂಡಿರುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಗಂಡ ಹೆಂಡತಿಗೇ ಮಾತಿಗೆ ಮಾತು ಬೆಳೆದಿರುತ್ತೆ. ಎರಡು ತಂಡ ಮಾಡಿಕೊಳ್ಳಿ. ಊಟಕ್ಕೆ, ಅಲೆಗಳ ಕೊಳಕ್ಕೆ, ಸಂಜೆಯ ಕೊನೆಯ ಒಂದು ಗಂಟೆಗೆ ಸೇರಿ. ಒಟ್ಟಿಗೆ ಇದ್ದ ನೆನಪಿಗೆ ಅಷ್ಟು ಸಾಕು.

ತಂಡ ಮಾಡುವುದಕ್ಕೆ ಮುಂಚೆ ಒಂದು ಟೇಪ್ ಹುಡುಕಿ. ಇಂಥ ಪಾರ್ಕುಗಳಲ್ಲಿ ವಯಸ್ಸಿಗಿಂತ ಎತ್ತರಕ್ಕೇ ಬೆಲೆ ಜಾಸ್ತಿ. ಮಕ್ಕಳನ್ನು ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ. ಹಿಮ್ಮಡಿ ಗೋಡೆಗೆ ತಾಗಿರಲಿ. ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಜುಟ್ಟು ಲೆಕ್ಕಕ್ಕಿಲ್ಲ. ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ ಕಮ್ಮಿ ಇರುವ ಮಗುವಿಗೆ ಟಿಕೆಟ್ ಇಲ್ಲ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಅದರ ಮೇಲೆ ದೊಡ್ಡವರ ಟಿಕೆಟ್. ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ 90 ದಾಟಿರುತ್ತಾರೆ. ಹಾಗಾಗಿ ಚಿಕ್ಕವಳು ಇನ್ನೂ ಸಣ್ಣವಳು ಅಂತ ಅವಳ ಟಿಕೆಟ್ ದುಡ್ಡನ್ನು ಲೆಕ್ಕದಿಂದ ಬಿಡಬೇಡಿ. ಹಾಗೇ, ವಯಸ್ಸಿಗೆ ಮೀರಿ ಉದ್ದ ಬೆಳೆದ ಹನ್ನೊಂದರ ಹುಡುಗನಿಗೂ ದೊಡ್ಡವರ ಟಿಕೆಟ್ಟೇ. ಗೇಟಿನಲ್ಲಿ ವಾದ ಮಾಡಿ ಉಪಯೋಗ ಇಲ್ಲ.

ಆ 140ರ ಗೆರೆ ಬರೀ ದುಡ್ಡಿನ ವಿಷಯ ಅಲ್ಲ. ರಿಕಾಯಿಲ್ ಥರದ, ತಲೆಕೆಳಗಾಗಿ ಸುತ್ತಿ ಮತ್ತೆ ಹಿಂದಕ್ಕೆ ಎಳೆದುಕೊಂಡು ಬರುವ ರೋಲರ್ ಕೋಸ್ಟರುಗಳಿಗೆ, ಎತ್ತರದಿಂದ ದೊಪ್ಪನೆ ಕೆಳಗೆ ಬಿಡುವ ಆಟಗಳಿಗೆ ಈ ಗೆರೆ ದಾಟಿರಬೇಕು. ಭುಜದ ಮೇಲಿಂದ ಬಂದು ಕೂರುವ ಕಬ್ಬಿಣದ ಪಟ್ಟಿ ಮೈಗೆ ಬಿಗಿಯಾಗಿ ಹೊಂದಬೇಕು ಅನ್ನುವುದೇ ಕಾರಣ. ಮಗು ಗಿಡ್ಡ ಇದ್ದರೆ ಪಟ್ಟಿಗೂ ಮೈಗೂ ನಡುವೆ ಸಂದಿ ಉಳಿಯುತ್ತೆ. ಗಾಡಿ ತಿರುವಿನಲ್ಲಿ ಎಸೆದಾಗ ಮೈ ಆ ಸಂದಿಯಲ್ಲಿ ಜಾರುತ್ತೆ, ಕುತ್ತಿಗೆ ಆ ಕಡೆ ಈ ಕಡೆ ಬಡಿಯುತ್ತೆ. ಒಂದೆರಡು ಸೆಂಟಿಮೀಟರ್ ಕಮ್ಮಿ ಅಂತ ದಪ್ಪ ಅಟ್ಟೆಯ ಬೂಟು ಹಾಕಿಸಿ ಕರೆದುಕೊಂಡು ಹೋಗುವ ಅಪ್ಪಂದಿರನ್ನು ನೋಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಈಗ ನಿಮ್ಮ ಮನೆಯ ಲೆಕ್ಕ. ದೊಡ್ಡವಳು ಬಹುಶಃ 140 ದಾಟಿದ್ದಾಳೆ, ಅವಳಿಗೆ ಎಲ್ಲ ಬಾಗಿಲೂ ತೆರೆದಿದೆ. ಚಿಕ್ಕವಳಿಗೆ ಏನು ಕೊಟ್ಟರೂ ಖುಷಿ. ತೊಂದರೆ ಇರುವುದು ನಡುವಿನವನದು. ಒಂಬತ್ತು ವರ್ಷದ ಹುಡುಗರು ಸಾಮಾನ್ಯವಾಗಿ 130ರ ಆಸುಪಾಸು ಇರುತ್ತಾರೆ. ಅಂದರೆ ಅಕ್ಕ ಹೋಗುವ ಆಟಕ್ಕೆ ಅವನನ್ನು ಬಿಡಲ್ಲ, ತಂಗಿ ಆಡುವ ಆಟ ಅವನಿಗೆ ಅವಮಾನ. ಕ್ಲಾಸಿನಲ್ಲಿ ಯಾರೋ ಹೋಗಿ ಬಂದು ಕೊಚ್ಚಿಕೊಂಡಿರುತ್ತಾರೆ. ಇವನು ಯೂಟ್ಯೂಬಿನಲ್ಲಿ ಎಲ್ಲ ಆಟಗಳನ್ನೂ ನೋಡಿ ಹೆಸರು ಬಾಯಿಪಾಠ ಮಾಡಿಕೊಂಡಿರುತ್ತಾನೆ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಕೊನೆಗೆ ಅಳತೆ ಕಂಬದ ಹತ್ತಿರ ಬಂದಾಗ ಅಲ್ಲಿನ ಸಿಬ್ಬಂದಿ ಅವನ ತಲೆ ಮೇಲೆ ಕೈ ಇಟ್ಟು ಪಕ್ಕಕ್ಕೆ ಕಳಿಸಿದರೆ, ಹಿಂದೆ ನಿಂತಿರೋ ದೊಡ್ಡ ಹುಡುಗರು ನಕ್ಕರೆ, ಆ ದಿನ ಅಲ್ಲಿಗೆ ಮುಗಿಯಿತು.

ಹಾಗಾಗಿ ಇದನ್ನು ದಾವಣಗೆರೆಯಲ್ಲೇ ಮುಗಿಸಿ. ಗೋಡೆಯ ಮೇಲೆ ಅವನ ಗೆರೆ ಹಾಕಿ, ಮೇಲೆ 140ರ ಗೆರೆಯನ್ನೂ ಹಾಕಿ ತೋರಿಸಿ. "ಇವು ಈ ಸಲ ಇಲ್ಲ, ಈ ಆಟಗಳು ಇವೆ" ಅಂತ ಹೇಳಿ. ವಂಡರ್‌ಲಾದ ಜಾಲತಾಣದಲ್ಲಿ ಪ್ರತಿ ಆಟದ ಪುಟದಲ್ಲೂ ಯಾರು ಹೋಗಬಹುದು ಅಂತ ಬರೆದಿರುತ್ತಾರೆ. ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ತನಗೆ ಸಿಗುವ ಆಟಗಳ ಪಟ್ಟಿಯನ್ನು ಅವನ ಕೈಯಲ್ಲೇ ಬರೆಸಿ. ಪಟ್ಟಿ ಸಣ್ಣದೇನೂ ಇರಲ್ಲ. ಅಲ್ಲಿ ಅರವತ್ತಕ್ಕೂ ಜಾಸ್ತಿ ಆಟಗಳಿವೆ, ನೀರಿನ ಕಡೆ ಅವನಿಗೆ ಬೇಕಾದಷ್ಟು ಸಿಗುತ್ತೆ. ಇನ್ನೊಂದು ಮಾತು ದೊಡ್ಡವಳಿಗೆ, ತಮ್ಮ ಇಲ್ಲದಾಗ: ರೋಲರ್ ಕೋಸ್ಟರಿನಿಂದ ಇಳಿದು ಬಂದು ಅವನ ಮುಂದೆ ಬಣ್ಣಿಸಬಾರದು ಅಂತ ಹೇಳಿಡಿ. ಕೇಳುತ್ತಾಳೆ. ಹದಿನಾಲ್ಕರವರಿಗೆ ಜವಾಬ್ದಾರಿ ಕೊಟ್ಟರೆ ಇಷ್ಟವೇ.

ತಂಡ ಹೀಗಿರಲಿ. ಬೆಳಿಗ್ಗೆ ಒಬ್ಬರು ದೊಡ್ಡವಳ ಜೊತೆ, ಇನ್ನೊಬ್ಬರು ಉಳಿದ ಇಬ್ಬರ ಜೊತೆ. ಮಧ್ಯಾಹ್ನ ಅದಲು ಬದಲು. ಮಗನಿಗೆ ಅಪ್ಪ ಒಬ್ಬನೇ ಸಿಗುವ ಒಂದು ಗಂಟೆಯನ್ನು ಗ್ಯಾರಂಟಿಯಾಗಿ ಇಡಿ. ಅಕ್ಕನೂ ಇರಬಾರದು, ತಂಗಿಯೂ ಇರಬಾರದು. ಆ ಗಂಟೆಯಲ್ಲಿ ಅವನು ಹೇಳಿದ ಸ್ಲೈಡಿಗೆ ಅಪ್ಪ ಹೋಗಬೇಕು, ಹೆದರಿಕೆ ಆದರೂ ಹೋಗಬೇಕು. ದೊಡ್ಡವಳನ್ನು ಒಬ್ಬಳೇ ಸಾಲಿಗೆ ಕಳಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಮೊದಲ ಸಲ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಒಬ್ಬರು ಮಗು ನೋಡಿಕೊಂಡಿದ್ದು, ಇನ್ನೊಬ್ಬರು ಆಡಿ ಬಂದ ಮೇಲೆ ಇಡೀ ಸಾಲು ನಿಲ್ಲದೆ ಹೋಗುವ 'ರೈಡರ್ ಸ್ವಿಚ್' ಪದ್ಧತಿ ಇದೆ. ಇಲ್ಲಿ ಅದನ್ನು ನಂಬಿಕೊಂಡು ಹೋಗಬೇಡಿ. ನೀವಿಬ್ಬರೂ ಆಡಲೇಬೇಕು ಅಂದರೆ ಸಾಲು ಎರಡು ಸಲ ನಿಲ್ಲಬೇಕು ಅಂತಲೇ ಲೆಕ್ಕ ಹಾಕಿ.

ದಿನದ ಕ್ರಮದಲ್ಲಿ ಒಂದು ಗುಟ್ಟಿದೆ. ಪಾರ್ಕಿನ ಬಾಗಿಲು ಬೆಳಿಗ್ಗೆ 11ರ ಹೊತ್ತಿಗೆ ತೆರೆಯುತ್ತೆ, ನೀರಿನ ಆಟಗಳು ಸ್ವಲ್ಪ ತಡವಾಗಿ, ಮಧ್ಯಾಹ್ನದ ಹೊತ್ತಿಗೆ ಶುರುವಾಗುತ್ತವೆ. ಒಳಗೆ ಬಂದವರೆಲ್ಲ ಕಣ್ಣಿಗೆ ಬಿದ್ದ ಮೊದಲ ದೊಡ್ಡ ಆಟಕ್ಕೇ ಮುಗಿಬೀಳುತ್ತಾರೆ. ನೀವು ಅದನ್ನು ದಾಟಿ ದೂರದ ಆಟಕ್ಕೆ ನಡೆಯಿರಿ. ನೀರು ಶುರುವಾಯಿತು ಅಂದ ತಕ್ಷಣ ಜನ ಆ ಕಡೆ ಹರಿಯುತ್ತಾರೆ. ಆಗ ಒಣ ಆಟಗಳ ಸಾಲು ಕರಗುತ್ತೆ. ದೊಡ್ಡವಳ ತಂಡ ರಿಕಾಯಿಲ್‌ಗೆ ಹೋಗಬೇಕಾದದ್ದು ಆಗ. ಊಟವನ್ನು ಅದಾದ ಮೇಲೆ, ಒಂದು ಗಂಟೆಗೆ ಮುಂಚೆಯೇ ಮಾಡಿ, ಹಗುರವಾಗಿರಲಿ. ಒಂದೂವರೆಗೆ ಹೋದರೆ ಊಟದ ಕೌಂಟರಿನಲ್ಲೇ ಒಂದು ಆಟದಷ್ಟು ಹೊತ್ತು ಹೋಗುತ್ತೆ. ಹೊಟ್ಟೆ ತುಂಬಿದ ಮೇಲೆ ಗಿರ್ರನೆ ತಿರುಗುವ ಆಟ ಬೇಡ. ನೀರಿಗೆ ಅಡ್ಡಿಯಿಲ್ಲ. ಹೊರಗಿನ ತಿಂಡಿ ಒಳಗೆ ಬಿಡಲ್ಲ, ಪುಟ್ಟ ಮಕ್ಕಳ ಆಹಾರಕ್ಕೆ ಮಾತ್ರ ವಿನಾಯಿತಿ. ಪುಳಿಯೋಗರೆ ಡಬ್ಬ ಕಟ್ಟಿಕೊಂಡು ಹೋಗಿ ಗೇಟಿನಲ್ಲಿ ನಿಂತು ಗಬಗಬ ತಿನ್ನುವ ದೃಶ್ಯ ಅಲ್ಲಿ ಹೊಸದಲ್ಲ.

ಬಟ್ಟೆ ವಿಷಯಕ್ಕೆ ಬರೋಣ. ಮೊದಲ ಸಲ ಹೋಗುವವರಿಗೆ ಸರಿಯಾಗಿ ಕೈಕೊಡುವುದು ಇಲ್ಲೇ. ಕಾಟನ್ ಬಟ್ಟೆ, ಜೀನ್ಸ್, ಸೀರೆ, ದುಪ್ಪಟ್ಟಾ ಹಾಕಿಕೊಂಡು ನೀರಿಗೆ ಇಳಿಯಲು ಬಿಡುವುದಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಇರಬೇಕು. ಕಾಟನ್ನಿನ ನೂಲು ಬಿಟ್ಟುಕೊಂಡು ನೀರು ಸೋಸುವ ಯಂತ್ರಕ್ಕೆ ಸೇರುತ್ತೆ, ನೆಂದರೆ ಬಟ್ಟೆ ಭಾರವಾಗುತ್ತೆ, ಜಿಪ್ಪು ಗುಂಡಿಗಳು ಸ್ಲೈಡನ್ನು ಗೀರುತ್ತವೆ. ಒಳಗೆ ಅಂಗಡಿ ಇದೆ, ಆದರೆ ಆರು ಜನಕ್ಕೆ ಅಲ್ಲಿ ಕೊಂಡರೆ ಜೇಬಿಗೆ ಚೆನ್ನಾಗಿ ಬೀಳುತ್ತೆ. ಆಟದ ಪಾಲಿಯೆಸ್ಟರ್ ಟೀಶರ್ಟು, ನೈಲಾನ್ ಲೆಗ್ಗಿಂಗ್ಸ್, ಚಡ್ಡಿ ದಾವಣಗೆರೆಯಲ್ಲೇ ಸಿಗುತ್ತೆ. ಕೊಂಡಾಗ ಒಳಗಿನ ಲೇಬಲ್ ಓದಿ. ದೊಡ್ಡವಳಿಗೆ ಕಡು ಬಣ್ಣದ್ದು, ಸ್ವಲ್ಪ ಸಡಿಲದ್ದು ತೆಗೆದುಕೊಡಿ. ನೆಂದ ಬಟ್ಟೆಯಲ್ಲಿ ಆ ವಯಸ್ಸಿನ ಹುಡುಗಿಗೆ ಮುಜುಗರ ಆಗುತ್ತೆ, ಬಾಯಿ ಬಿಟ್ಟು ಹೇಳಲ್ಲ, ಅಷ್ಟೇ. ಅವಳ ತಿಂಗಳ ದಿನ ಅದೇ ವಾರ ಬರಬಹುದಾ ಅಂತಲೂ ಒಮ್ಮೆ ನೋಡಿಕೊಳ್ಳಿ. ಬಂದರೂ ಪ್ರವಾಸ ನಿಲ್ಲಿಸಬೇಕಿಲ್ಲ. ಒಣ ಆಟಗಳಿಗೆ ಏನೂ ತೊಂದರೆ ಇಲ್ಲ, ಪ್ಯಾಡ್ ಮತ್ತು ಒಂದು ಜೊತೆ ಬಟ್ಟೆ ಜಾಸ್ತಿ ಇರಲಿ. ನೀರಿನ ಹತ್ತಿರ ಯಾರಾದರೂ ಮೈಮೇಲೆ ಬೀಳುವುದು, ದಿಟ್ಟಿಸುವುದು ಮಾಡಿದರೆ ಸುಮ್ನೆ ಸಹಿಸಬೇಡ, ನೇರ ಜೀವರಕ್ಷಕರಿಗೆ ಹೇಳು ಅಂತ ಮೊದಲೇ ಹೇಳಿಕೊಡಿ.

ಅಲೆಗಳ ಕೊಳದ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಇಂಥ ಕೊಳಗಳಲ್ಲಿ ಸಾಮಾನ್ಯವಾಗಿ ಆಳದ ತುದಿಯ ಗೋಡೆಯ ಹಿಂದೆ ಕೋಣೆಗಳಿರುತ್ತವೆ. ದೊಡ್ಡ ಬ್ಲೋವರುಗಳು ಅಲ್ಲಿಗೆ ಗಾಳಿ ತುಂಬಿ ನೀರನ್ನು ಒತ್ತುತ್ತವೆ, ಆ ನೀರು ಅಲೆಯಾಗಿ ಹೊರಗೆ ಬರುತ್ತೆ. ಅಲೆ ಸದಾ ಇರಲ್ಲ, ಬಿಟ್ಟು ಬಿಟ್ಟು ಬರುತ್ತೆ. ಶುರುವಾಗುವ ಮುಂಚೆ ಸೂಚನೆ ಕೊಡುತ್ತಾರೆ, ಜನ ಕೂಗುತ್ತಾ ಆಳದ ಕಡೆ ನುಗ್ಗುತ್ತಾರೆ. ಅಪಾಯದ ಗಳಿಗೆ ಅದೇ. ಮೂರು ವರ್ಷದ ಮಗು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿದ್ದರೂ ಅಲೆ ಹಿಂದಕ್ಕೆ ಎಳೆದಾಗ ಕಾಲು ಜಾರುತ್ತೆ, ಅಷ್ಟು ಜನರ ಕಾಲುಗಳ ನಡುವೆ ಕಾಣಿಸಲ್ಲ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕಿರುಚಲ್ಲ, ಸದ್ದೇ ಇರಲ್ಲ. ಆದ್ದರಿಂದ ಚಿಕ್ಕವಳು ನೀರಿನಲ್ಲಿರುವಷ್ಟು ಹೊತ್ತೂ ನಿಮ್ಮಲ್ಲಿ ಒಬ್ಬರು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು. ಯಾರು ಅಂತ ಹೆಸರು ಹಿಡಿದು ಗೊತ್ತು ಮಾಡಿ. ನೀವು ನೋಡ್ತಿದ್ದೀರಿ ಅಂತ ಅವರು, ಅವರು ನೋಡ್ತಿದ್ದಾರೆ ಅಂತ ನೀವು, ಹೀಗೆ ಆಗುವುದೇ ಜಾಸ್ತಿ. ಜೀವರಕ್ಷಕರು ಇರುತ್ತಾರೆ, ಆದರೆ ಅವರು ಕೊಳ ನೋಡುತ್ತಿರುತ್ತಾರೆ, ನಿಮ್ಮ ಮಗುವನ್ನಲ್ಲ. ಗಾಳಿ ತುಂಬಿದ ಕೈಪಟ್ಟಿ ಹಾಕಿದೆ ಅಂತ ನಿಶ್ಚಿಂತೆಯಾಗಿ ಇರುವ ಹಾಗಿಲ್ಲ. ಚಿಕ್ಕವಳಿಗೆ ನಿಜವಾಗಿ ಹಿಡಿಸುವುದು ಪುಟ್ಟ ಮಕ್ಕಳ ಕೊಳ. ಬೆಚ್ಚಗಿನ ನೀರಿನ ಮಳೆಯಲ್ಲಿ ಹಾಡಿಗೆ ಕುಣಿಯುವ ರೇನ್ ಡಿಸ್ಕೋಗೆ ಅವಳನ್ನು ಕರೆದೊಯ್ಯಬೇಡಿ. ಒಳಗೆ ಕತ್ತಲೆ, ಎದೆ ನಡುಗಿಸುವ ಸದ್ದು. ದೊಡ್ಡವಳಿಗೆ ಮಾತ್ರ ಅದು ಸ್ವರ್ಗ.

ನೀರಿಗೆ ಇಳಿದ ಮೇಲೆ ಫೋನುಗಳು ಲಾಕರಿನಲ್ಲಿ ಇರುತ್ತವೆ. ಯಾರೂ ಯಾರಿಗೂ ಕಾಲ್ ಮಾಡೋಕಾಗಲ್ಲ. ಇದು ಎಷ್ಟೋ ಜನಕ್ಕೆ ಅಲ್ಲಿ ಹೋದ ಮೇಲೇ ಹೊಳೆಯೋದು. ದೊಡ್ಡವಳ ತಂಡಕ್ಕೆ ನೀರು ಹೋಗದ ಅಗ್ಗದ ಕೈಗಡಿಯಾರ ಒಂದು ಕೊಡಿಸಿ. ಸೇರುವ ಜಾಗ, ಸೇರುವ ಗಂಟೆ ಎರಡನ್ನೂ ಮುಂಚೆಯೇ ಹೇಳಿ. ಜಾಗ ಅಂದರೆ "ಆ ಐಸ್‌ಕ್ರೀಮ್ ಅಂಗಡಿ ಹತ್ತಿರ" ಅಂತ ಹೇಳಿದರೆ ಆಗಲ್ಲ, ಅಂಥವು ನಾಲ್ಕಿರುತ್ತವೆ. ಕಾಲಿಟ್ಟ ತಕ್ಷಣ ಎಲ್ಲರೂ ಹೋಗಿ ಆ ಜಾಗದಲ್ಲಿ ಒಮ್ಮೆ ನಿಂತು ಬನ್ನಿ. ಚಿಕ್ಕವರಿಬ್ಬರ ಫೋಟೋ ಆ ದಿನದ ಬಟ್ಟೆಯಲ್ಲೇ ಬೆಳಿಗ್ಗೆ ತೆಗೆದಿಡಿ, ನೀರಿನ ಬಟ್ಟೆ ಹಾಕಿದ ಮೇಲೆ ಇನ್ನೊಂದು. ಫೋನ್ ನಂಬರನ್ನು ಪೆನ್ನಿನಲ್ಲಿ ಕೈಮೇಲೆ ಬರೆದರೆ ಮೊದಲ ಕೊಳದಲ್ಲೇ ಹೋಗುತ್ತೆ. ನೀರಿಗೆ ಅಳಿಯದ ಮಾರ್ಕರಿನಲ್ಲಿ ಬರೆದ ಪ್ಲಾಸ್ಟಿಕ್ ಪಟ್ಟಿ ಕಟ್ಟಿ.

ಚಿಕ್ಕವಳನ್ನು ತಂಗಿ ಮನೆಯಲ್ಲಿ ಬಿಡಬೇಕಾ? ನಾನಾದರೆ ಕರೆದುಕೊಂಡೇ ಹೋಗುತ್ತೇನೆ. ಅವಳಿಗೆ ಪುಟ್ಟ ಮಕ್ಕಳ ಆಟಗಳು, ಚಿಕ್ಕು ಅನ್ನುವ ಪಾರ್ಕಿನ ಗೊಂಬೆ, ನೀರು, ಇಷ್ಟು ಧಾರಾಳ ಆಯಿತು. ಆದರೆ ಅವಳ ಮಧ್ಯಾಹ್ನದ ನಿದ್ದೆಯನ್ನು ತಪ್ಪಿಸಬೇಡಿ. ಎರಡು ಗಂಟೆಗೆ ಮಲಗುವ ಮಗು ಎರಡು ಗಂಟೆಗೆ ಮಲಗಬೇಕು. ಒಂದು ತೆಳು ಹೊದಿಕೆ ತನ್ನಿ, ನೆರಳಲ್ಲಿ ಮಲಗಿಸಿ, ಒಬ್ಬರು ಜೊತೆಗಿರಿ. ನಿದ್ದೆ ತಪ್ಪಿಸಿದರೆ ನಾಲ್ಕು ಗಂಟೆಗೆ ಶುರುವಾಗುವ ರಂಪಕ್ಕೆ ಇಡೀ ಮನೆ ಬೆಲೆ ಕೊಡಬೇಕಾಗುತ್ತೆ. ಡೈಪರ್ ಅಭ್ಯಾಸ ಇನ್ನೂ ಇದ್ದರೆ ನೀರಿಗೆ ಮಾಮೂಲಿ ಡೈಪರ್ ಬೇಡ, ಉಬ್ಬಿ ಕೆಳಗೆ ಜೋಲುತ್ತೆ. ಈಜು ಡೈಪರ್ ಬೇರೆ ಸಿಗುತ್ತೆ.

ಆದರೆ ಅತ್ತೆಯವರ ವಿಷಯದಲ್ಲಿ ನಾನು ಅಷ್ಟು ಗಟ್ಟಿಯಾಗಿ ಹೇಳಲಾರೆ. ಪಾರ್ಕು ಸುಮಾರು 82 ಎಕರೆ ಇದೆ, ಮಂಡಿ ನೋವಿನವರಿಗೆ ಅದು ಸಣ್ಣ ನಡಿಗೆಯಲ್ಲ. ಆಟ ಆಡದಿದ್ದರೂ ಅವರಿಗೆ ಟಿಕೆಟ್ ಬೇಕು, 60 ದಾಟಿದವರಿಗೆ ರಿಯಾಯಿತಿ ಇರುತ್ತೆ, ವಯಸ್ಸಿನ ಗುರುತಿನ ಚೀಟಿ ತನ್ನಿ. ಎಷ್ಟೋ ಮನೆಗಳಲ್ಲಿ ಅಜ್ಜಿಯನ್ನು ಕರೆದುಕೊಂಡು ಹೋಗೋದು ಬ್ಯಾಗು ಕಾಯೋಕೆ. ಅವರೂ ಏನೂ ಅನ್ನಲ್ಲ, ಸಂಜೆವರೆಗೆ ಕಲ್ಲುಬೆಂಚಿನ ಮೇಲೆ ಚಪ್ಪಲಿ ರಾಶಿ ಪಕ್ಕ ಕೂತಿರುತ್ತಾರೆ. ಬ್ಯಾಗಿಗೆ ಲಾಕರ್ ಬಾಡಿಗೆಗೆ ಸಿಗುತ್ತೆ, ಅಲ್ವಾ? ಅವರನ್ನೇ ಕೇಳಿ. "ಮಕ್ಕಳು ಆಡೋದು ನೋಡಬೇಕು" ಅಂದರೆ ಕರೆತನ್ನಿ. ಸ್ಕೈ ವ್ಹೀಲ್ ಆ ದಿನ ನಡೆಯುತ್ತಿದ್ದರೆ ಅದಕ್ಕೆ ಕೂರಿಸಿ, ಕಟ್ಟಡದ ನೆತ್ತಿಯ ಮೇಲೆ ತಿರುಗುವ ತೊಟ್ಟಿಲು ಅದು. ಸುತ್ತಲ ಊರೆಲ್ಲ ಕಾಣುತ್ತೆ. ಮನಸ್ಸಿಲ್ಲ ಅಂದರೆ ತಂಗಿ ಮನೆಯಲ್ಲಿ ಆರಾಮವಾಗಿ ಇರಲಿ, ಮರುದಿನ ಜೊತೆಗೆ ಬರಲಿ.

ಯಾವ ದಿನ ಹೋಗಬೇಕು? ದಸರಾ ರಜೆಯೇ ಆದರೆ ಆಯುಧಪೂಜೆ, ವಿಜಯದಶಮಿಯ ಹತ್ತಿರದ ದಿನಗಳನ್ನೂ ಶನಿವಾರ ಭಾನುವಾರವನ್ನೂ ಬಿಡಿ. ಮೈಸೂರಿಗೆ ಹೊರಟವರೆಲ್ಲ ಅದೇ ರಸ್ತೆಯಲ್ಲಿರುತ್ತಾರೆ. ರಜೆ ಶುರುವಾದ ಮೊದಲ ವಾರದ ಮಂಗಳವಾರ ಅಥವಾ ಬುಧವಾರ ಒಳ್ಳೆಯದು. ಟಿಕೆಟ್ ದರ ದಿನದಿಂದ ದಿನಕ್ಕೆ ಬೇರೆ, ವಾರದ ನಡುವೆ ಕಮ್ಮಿ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳೇ ತುಂಬಿರುತ್ತವೆ, ಆಗ ಬೇಡವೇ ಬೇಡ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಸಿಡಿಲು ಗುಡುಗು ಇದ್ದರೆ ಆಟಗಳನ್ನು ನಿಲ್ಲಿಸುತ್ತಾರೆ. ಹಾಗಾಗಿ ಯಾರಿಗೆ ಯಾವುದು ಬೇಕೇ ಬೇಕೋ ಅದನ್ನು ಸಂಜೆಗೆ ಇಟ್ಟುಕೊಳ್ಳಬೇಡಿ. ಸಾಲು ಕಡಿಮೆ ಮಾಡುವ ಫಾಸ್ಟ್ ಟ್ರ್ಯಾಕ್ ಟಿಕೆಟ್ ಇದೆ, ಬೆಲೆ ಜಾಸ್ತಿ. ವಾರದ ನಡುವೆ ಅದು ದಂಡ. ಜನ ತುಂಬಿದ ದಿನವೇ ಹೋಗಬೇಕಾಗಿ ಬಂದರೆ ದೊಡ್ಡವಳಿಗೂ ಅವಳ ಜೊತೆ ಹೋಗುವವರಿಗೂ ಮಾತ್ರ ಕೊಳ್ಳಿ. ಮೂರು ವರ್ಷದ ಮಗುವಿಗೆ, ಅಜ್ಜಿಗೆ ಯಾಕೆ?

ದಾವಣಗೆರೆಯಿಂದ ರಾತ್ರಿ ಬಸ್ಸಿಗೆ ಹತ್ತಿ, ಬೆಳಿಗ್ಗೆ ಮುಖ ತೊಳೆದು ನೇರ ಪಾರ್ಕಿಗೆ ಹೋಗುವ ಯೋಚನೆ ಇದ್ದರೆ ಕೈಬಿಡಿ. ನಿದ್ದೆಗೆಟ್ಟ ಮಕ್ಕಳು ಮೊದಲ ಆಟಕ್ಕೇ ವಾಂತಿ ಮಾಡುತ್ತಾರೆ. ಹಿಂದಿನ ದಿನ ಮಧ್ಯಾಹ್ನವೇ ಬೆಂಗಳೂರು ಸೇರಿ, ತಂಗಿ ಮನೆಯಲ್ಲಿ ಬೇಗ ಮಲಗಿ. ಬೆಳಿಗ್ಗೆ ಮೆಟ್ರೋದ ನೇರಳೆ ಮಾರ್ಗದಲ್ಲಿ ಚಲ್ಲಘಟ್ಟದವರೆಗೆ ಹೋಗಿ ಅಲ್ಲಿಂದ ಕ್ಯಾಬ್ ಹಿಡಿಯಬಹುದು. ಆದರೆ ಆರು ಜನಕ್ಕೆ, ಒದ್ದೆ ಬಟ್ಟೆಯ ಚೀಲದ ಜೊತೆ ವಾಪಸ್ ಬರುವಾಗ, ಇಡೀ ದಿನಕ್ಕೆ ಒಂದು ದೊಡ್ಡ ಗಾಡಿ ಬಾಡಿಗೆಗೆ ಮಾಡುವುದೇ ಸುಖ. ನಿಮ್ಮದೇ ಕಾರಾದರೆ ಮೈಸೂರು ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಮೈಮರೆಯಬೇಡಿ. ಸರ್ವಿಸ್ ರಸ್ತೆಗೆ ಇಳಿಯುವ ಜಾಗ ತಪ್ಪಿದರೆ ಬಹಳ ಮುಂದೆ ಹೋಗಿ ತಿರುಗಿಕೊಂಡು ಬರಬೇಕು.

ಇನ್ನು ಎರಡು ದಿನದ ಮಾತು. ಪಾರ್ಕಿಗೆ ಒಂದೇ ದಿನ ಸಾಕು. ಎರಡನೆಯ ದಿನ ಮಕ್ಕಳ ಕೈಕಾಲು ನೋಯುತ್ತಿರುತ್ತೆ, ಟಿಕೆಟ್ ದುಡ್ಡು ಮಾತ್ರ ಮತ್ತೆ ಹೋಗುತ್ತೆ. ಆ ದಿನವನ್ನು ಅತ್ತೆಗೂ ಚಿಕ್ಕವಳಿಗೂ ಬರೆದುಕೊಡಿ. ನಿಧಾನವಾಗಿ ಎದ್ದು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ರಾಮನಗರದ ಜಾನಪದ ಲೋಕಕ್ಕೆ ಹೋಗಿ. ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾಗ ಅದು. ಅಲ್ಲಿ ಇಟ್ಟಿರುವ ಒನಕೆ, ಬೀಸುವ ಕಲ್ಲು, ಕಣಜಗಳ ಮುಂದೆ ಅತ್ತೆಯವರೇ ಮೊಮ್ಮಕ್ಕಳಿಗೆ ಗೈಡು. ಅಲ್ಲಿಂದ ಮರದ ಗೊಂಬೆಗಳ ಊರು ಚನ್ನಪಟ್ಟಣ ಹತ್ತಿರ. ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುವುದನ್ನು ಕೆಲವು ಕಾರ್ಖಾನೆಗಳಲ್ಲಿ ನೋಡಲು ಬಿಡುತ್ತಾರೆ, ಕೇಳಿ ನೋಡಿ. ನಿಮ್ಮ ಮಗ ಅಲ್ಲಿಂದ ಅಲ್ಲಾಡಲ್ಲ. ಹೆದ್ದಾರಿ ಬದಿಯ ಎಲ್ಲ ಅಂಗಡಿಯಲ್ಲೂ ಅಸಲಿ ಮರದ ಗೊಂಬೆಯೇ ಇರುತ್ತೆ ಅಂತಿಲ್ಲ, ಪ್ಲಾಸ್ಟಿಕ್ಕಿನವೂ ನಡುವೆ ಸೇರಿರುತ್ತವೆ, ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಮೂರರ ಮಗುವಿಗೆ ಬಿಡಿ ಬಿಡಿಯಾಗಿ ಬಿಚ್ಚುವ ಸಣ್ಣ ತುಂಡುಗಳದ್ದು ಬೇಡ. ರಾತ್ರಿ ದಾವಣಗೆರೆಗೆ ರೈಲೋ ಬಸ್ಸೋ ಬುಕ್ ಆಗಿದ್ದರೆ ಚನ್ನಪಟ್ಟಣದಿಂದ ಮೂರೂವರೆಗೆಲ್ಲ ಹೊರಡಿ. ಸಂಜೆ ಕೆಂಗೇರಿಯಿಂದ ಮೆಜೆಸ್ಟಿಕ್‌ವರೆಗಿನ ಟ್ರಾಫಿಕ್ಕಿಗೆ ಎಷ್ಟು ಸಮಯ ಇಟ್ಟರೂ ಕಮ್ಮಿಯೇ.